ಅಕ್ಕನ ಬೊಗಸೆಗೆ ಒಯ್ದ ಒಣದ್ರಾಕ್ಷಿ

ನಾನು ವ್ಯಾಪಾರದ ಕೆಲಸದ ಮೇಲೆ ಮುಂಬೈಗೆ ಹೋಗಿ ಬಂದವನು. ವಯಸ್ಸು ಹದಿನೆಂಟು. ಇಡೀ ಕಾಗವಾಡ ತಾಲೂಕಿನಲ್ಲಿ ಈ ವಯಸ್ಸಿಗೆ ‘ಬಿಸಿನೆಸ್ ಟೂರ್’ ಮಾಡಿದವನು ನಾನೊಬ್ಬನೇ ಎಂದು ಕಾಲೇಜಿನಲ್ಲಿ ಹೇಳಿಕೊಂಡಿದ್ದೇನೆ. ಈವರೆಗೆ ಯಾರೂ ತಕರಾರು ತೆಗೆದಿಲ್ಲ. ಟೂರು ಎಂದರೆ ಎರಡು ದಿನ. ಬಿಸಿನೆಸ್ಸು ಎಂದರೆ ಐದು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ನಮ್ಮ ತೋಟದ ಒಣದ್ರಾಕ್ಷಿ. ಅವನ್ನು ವಾಶಿ ಮಾರ್ಕೆಟ್ಟಿನ ವ್ಯಾಪಾರಿಯ ಮುಂದೆ ಸಾಲಾಗಿ ಇಡುವುದು, ಅವರು ಮೂಸಿ, ಹಿಸುಕಿ, ಅಗಿದು, ಮುಖ ಸಿಂಡರಿಸಿ ಏನು ಹೇಳುತ್ತಾರೋ ಅದನ್ನು ಅಪ್ಪನಿಗೆ ಫೋನಿನಲ್ಲಿ ಒಪ್ಪಿಸುವುದು. ಕೊರಿಯರಿನವನೂ ಮಾಡಬಹುದಾದ ಕೆಲಸ. ಆದರೆ ನಾನು ಇನ್‌ಶರ್ಟ್ ಮಾಡಿ, ಅಪ್ಪನ ಚರ್ಮದ ಬ್ಯಾಗು ಹಿಡಿದು ಹೊರಟಾಗ ಓಣಿಯ ನಾಯಿಗಳೂ ಬೊಗಳುವುದನ್ನು ನಿಲ್ಲಿಸಿ ದಾರಿ ಬಿಟ್ಟವು.

ಹಬ್ಬಗಳ ಮುಂಚೆ ಪ್ರತಿ ವರ್ಷ ಅಪ್ಪನೇ ಹೋಗುತ್ತಿದ್ದ. ಕಳೆದ ಸೆಪ್ಟೆಂಬರಿನಲ್ಲಿ ಮಳೆ ಬೇಗ ಬಿಡುವು ಕೊಟ್ಟಿದ್ದರಿಂದ ದ್ರಾಕ್ಷಿ ಬಳ್ಳಿ ಸವರುವ ಕೆಲಸ ಶುರುವಾಗಿತ್ತು. ಅಪ್ಪ ಎದುರಿಗೆ ನಿಲ್ಲದಿದ್ದರೆ ಆಳುಗಳು ಕಾಯಿ ಬಿಡುವ ಕಡ್ಡಿಯನ್ನೇ ಕತ್ತರಿಸಿ ಒಗೆಯುತ್ತಾರೆ ಎಂಬುದು ಅವನ ಜೀವಮಾನದ ಭಯ. ನಾನು ಅದೇ ಸಂದು ನೋಡಿ ಬಾಯಿ ಹಾಕಿದೆ.

“ಅಪ್ಪಾ, ನಾ ಹೋಗಿ ಬರ್ಲಿ?”

“ನೀ? ಅಥಣಿಗೆ ಹೋಗಿ ಬಾ ಅಂದ್ರ ರಾಯಬಾಗದಾಗ ಇಳಿಯಾಂವ ನೀ.”

“ಅದು ಒಂದ ಸಲ. ನಿದ್ದಿ ಹತ್ತಿತ್ತು.”

“ಎರಡ ಸಲ,” ಎಂದಳು ಅವ್ವ ಒಳಗಿನಿಂದ. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, “ಹೋಗ್ಲಿ ಬಿಡ್ರಿ. ಆಕೀನೂ ನೋಡಿದಂಗಾಗತೈತಿ,” ಎಂದಳು.

ಆಕಿ ಎಂದರೆ ನನ್ನ ಅಕ್ಕ. ಅಕ್ಕ ಎನ್ನುವುದು ಈಗ ತಪ್ಪು. ಮಾತಾಜಿ. ಈ ಟೂರಿಗೆ ಒಂದೂವರೆ ವರ್ಷ ಮೊದಲು ಅವಳು ದೀಕ್ಷೆ ತೆಗೆದುಕೊಂಡಿದ್ದಳು. ನಮ್ಮ ಜೈನ ಸನ್ಯಾಸಿನಿಯರು ವರ್ಷವೆಲ್ಲ ಬರಿಗಾಲಲ್ಲಿ ಊರಿಂದೂರಿಗೆ ನಡೆಯುತ್ತಾರೆ, ಮಳೆಗಾಲದ ನಾಲ್ಕು ತಿಂಗಳು ಮಾತ್ರ ಒಂದು ಕಡೆ ನಿಲ್ಲುತ್ತಾರೆ. ಆ ವರ್ಷ ಅವಳ ಸಂಘ ನಿಂತದ್ದು ಮುಂಬೈಯ ಉತ್ತರದ ಒಂದು ಬಡಾವಣೆಯ ಬಸದಿಯಲ್ಲಿ. ಅವರಿಗೆ ಫೋನಿಲ್ಲ, ಗಾಡಿಯಿಲ್ಲ. ದಿನಕ್ಕೆ ಒಂದೇ ಊಟ, ಅದೂ ಬೆಳಿಗ್ಗೆ, ಅದೂ ತಟ್ಟೆಯಲ್ಲಲ್ಲ, ಜೋಡಿಸಿದ ಅಂಗೈಗಳಲ್ಲಿ. ಮನೆಯವರು ಎನಿಸಿಕೊಂಡವರಿಗೆ ಉಳಿದಿರುವುದು ಒಂದೇ ಕೆಲಸ. ಆ ಬೊಗಸೆಗೆ ಒಂದು ತುತ್ತು ನೀಡುವುದು.

ಅವ್ವ, ಅಪ್ಪ ಮೂರು ಸಲ ಹೋಗಿ ನೀಡಿ ಬಂದಿದ್ದರು. ನಾನು ಒಂದು ಸಲವೂ ಇಲ್ಲ. ಮೊದಲ ಸಲ ನನಗೆ ಪರೀಕ್ಷೆ, ಎರಡನೆಯ ಸಲ ಜ್ವರ, ಮೂರನೆಯ ಸಲ ಅಂಕಲಿಯಲ್ಲಿ ಕ್ರಿಕೆಟ್ ಫೈನಲ್ಲು. ನಿಜ ಏನೆಂದರೆ, ದೀಕ್ಷೆಯ ದಿನ ಮಂಟಪದ ಮೇಲೆ ಅವಳ ಕೂದಲನ್ನು ಹಿಡಿ ಹಿಡಿಯಾಗಿ ಕಿತ್ತು ತೆಗೆಯುವಾಗ, ನೆರೆದ ಜನ ಜಯಕಾರ ಹಾಕುವಾಗ, ನಾನು ಮಂಟಪದ ಹಿಂದೆ ಜನರೇಟರಿನ ಹತ್ತಿರ ಹೋಗಿ ನಿಂತಿದ್ದೆ. ಅಲ್ಲಿಂದ ಅವಳ ಮುಂದೆ ಹೋಗುವ ಧೈರ್ಯ ಬರಲು ಒಂದೂವರೆ ವರ್ಷ ಹಿಡಿಯಿತು. ಆಮೇಲೆ ಹೋಗಲೇಬೇಕು ಎನಿಸತೊಡಗಿತು. ಎಷ್ಟು ಎಂದರೆ, ನಾನೇ ಹೋಗಿ ವ್ಯಾಪಾರದ ಕೆಲಸ ಕೇಳಿಕೊಳ್ಳುವಷ್ಟು. ಇದಕ್ಕಿಂತ ದೊಡ್ಡ ಪುರಾವೆ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ.

ಅವಳು ಇದ್ದಾಗ ನನಗೆ ಕೆಲಸವೇ ಬೇರೆ ಇತ್ತು. ಚಿಕ್ಕೋಡಿಗೆ ಹೋಗಿ ಬಂದರೂ ನಾನು ಅವಳಿಗೆ ಲಂಡನ್ನಿನಿಂದ ಬಂದವನ ಹಾಗೆ ಕಥೆ ಹೇಳಬೇಕು. ಬಸ್ಸಿನಲ್ಲಿ ಒಂದು ಕೋಳಿ ಇದ್ದರೆ ನನ್ನ ಕಥೆಯಲ್ಲಿ ನಲವತ್ತು ಇರುತ್ತಿದ್ದವು, ಕಂಡಕ್ಟರ್ ಎಲ್ಲಕ್ಕೂ ಟಿಕೆಟ್ ಹರಿಯುತ್ತಿದ್ದ. ಅವಳು ನಡುನಡುವೆ “ಬಂಡಲ್ ಬಿಡಬ್ಯಾಡ್ಲೇ!” ಎನ್ನುತ್ತಲೇ ಮೂಗಿನಿಂದ ಒಂದು ವಿಚಿತ್ರ ಸದ್ದು ಹೊರಡಿಸಿ ನಗುತ್ತಿದ್ದಳು, ಹಂಡೆಯ ನೀರು ಕುದಿಯುವ ಹಾಗೆ. ಆ ಸದ್ದು ಬರುವವರೆಗೆ ನಾನು ಕೋಳಿಗಳನ್ನು ಹೆಚ್ಚಿಸುತ್ತಲೇ ಇರುತ್ತಿದ್ದೆ.

ಅವ್ವ ಆರನೆಯ ಡಬ್ಬಿಯೊಂದನ್ನು ಬೇರೆ ಕಟ್ಟಿದಳು. ಹಸಿರು ಬಣ್ಣದ ಉದ್ದನೆಯ ಕಾಳು, ಒಂದೊಂದನ್ನೂ ಬೆಳಕಿಗೆ ಹಿಡಿದು, ತೊಟ್ಟು ತೆಗೆದು ಆರಿಸಿದ್ದು. “ಇದನ್ನ ಯಾಪಾರಿ ಮುಂದ ಬಿಚ್ಚಿದಿ ಅಂದ್ರ ನೋಡು,” ಎಂದಳು. ಆಮೇಲೆ ನೇಮ ಹೇಳಿದಳು. ಮನೆ ಬಿಟ್ಟಾಗಿನಿಂದ ಆಹಾರ ನೀಡುವವರೆಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಮುಟ್ಟಬಾರದು. ಸೂರ್ಯ ಮುಳುಗಿದ ಮೇಲೆ ಏನನ್ನೂ ತಿನ್ನಬಾರದು. ದಾರಿಗೆಂದು ಹಾಲಿನಲ್ಲಿ ನಾದಿ ಮಾಡಿದ ದಶಮಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ನೀಡುವಾಗ ಹೇಳಬೇಕಾದ ಮಾತುಗಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ನನ್ನಿಂದ ಹತ್ತು ಸಲ ಹೇಳಿಸಿದಳು: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ.

“ಮನಸು ಸುದ್ದ, ಮಾತು ಸುದ್ದ, ಮೈ ಸುದ್ದ ಅಂತ ಆಕಿ ಮುಂದ ನಿಂತು ಹೇಳೂದದು. ಸುಳ್ಳ ಹೇಳಿ ನೀಡಿದರ ಪಾಪ ನಿನಗಷ್ಟ ಅಲ್ಲ, ಆಕಿ ತುತ್ತಿಗೂ ಹತ್ತತೈತಿ.”

“ಮಾತು ಸುದ್ದ ಅಂತ ಇವ ಹೇಳಾಂವ?” ಎಂದು ಅಪ್ಪ ಹೊರಗಿನಿಂದ ನಕ್ಕ.

ಕಾಗವಾಡದಿಂದ ಸಂಜೆಯ ಬಸ್ಸು ಹಿಡಿದವನು ಬೆಳಿಗ್ಗೆ ವಾಶಿಯಲ್ಲಿ ಇಳಿದೆ. ವ್ಯಾಪಾರಿ ಗಾದಿಯ ಮೇಲೆ ಕುಳಿತಿದ್ದರು. ಅವರ ಹೊಟ್ಟೆಗೆ ಪ್ರತ್ಯೇಕ ಗಾದಿ ಬೇಕಿತ್ತು. ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, ಮತ್ತೆ ನನ್ನನ್ನು ನೋಡಿ ಮರಾಠಿಯಲ್ಲಿ, “ವಡೀಲ ಕುಠೇ?” ಎಂದರು, ಅಪ್ಪ ಎಲ್ಲಿ ಎಂದು.

“ಮೀಚ ಆಲೋ,” ಎಂದೆ. ನಾನೇ ಬಂದಿದ್ದೇನೆ. ಎದೆ ಎಷ್ಟು ಉಬ್ಬಿಸಿದ್ದೆ ಎಂದರೆ ಇನ್‌ಶರ್ಟು ಹೊರಗೆ ಬಂತು.

ಅವರು ಐದೂ ಡಬ್ಬಿ ನೋಡಿದರು. ಮೂರನೆಯದನ್ನು ಎರಡು ಸಲ ಬಾಯಿಗೆ ಹಾಕಿಕೊಂಡರು. ಬ್ಯಾಗಿನಲ್ಲಿದ್ದ ಆರನೆಯದರ ಮೇಲೆ ಅವರ ಕಣ್ಣು ಬಿತ್ತು.

“ಅದೇನು?”

“ಅದು ಮಾರೂದಲ್ರಿ,” ಎಂದು ಬ್ಯಾಗಿನ ಜಿಪ್ಪು ಎಳೆದೆ. ಅವರು ಒಂದು ಕ್ಷಣ ನೋಡಿ, ಏನೋ ಅರ್ಥವಾದವರ ಹಾಗೆ ತಲೆ ಅಲ್ಲಾಡಿಸಿ, ಚಹಾ ತರಿಸಿದರು. ಮಾಲು ಕಳಿಸಿ ಎಂದರು. ಅಪ್ಪನಿಗೆ ಫೋನು ಮಾಡಿ, ಸೇಠರು ಎದ್ದು ನಿಂತು ನನ್ನ ಬೆನ್ನು ಚಪ್ಪರಿಸಿದರು ಎಂದು ಹೇಳಿದೆ. ಅವರು ಏಳುವುದಕ್ಕೆ ಕ್ರೇನು ಬೇಕು ಎಂಬುದು ಅಪ್ಪನಿಗೆ ಗೊತ್ತಿದೆ. ಸುಮ್ಮನೆ ಹೂಂ ಎಂದ.

ಹನ್ನೊಂದು ಗಂಟೆಗೆ ಬಿಸಿನೆಸ್ಸು ಮುಗಿಯಿತು. ಆಹಾರ ನೀಡುವುದು ಮರುದಿನ ಬೆಳಿಗ್ಗೆ. ನಡುವೆ ಇಡೀ ಒಂದು ದಿನ, ಇಡೀ ಒಂದು ಮುಂಬೈ. ನಾನು ಒಂದೇ ಉದ್ದೇಶದಿಂದ ಊರು ನೋಡಲು ಹೊರಟೆ. ಕಥೆ ಕೂಡಿಹಾಕುವುದು. ಮಾತಾಜಿ ಆದರೇನು, ದರ್ಶನಕ್ಕೆ ಹೋದವರಿಗೆ ಎರಡು ಮಾತು ಆಡುತ್ತಾರೆ ಎಂದು ಅವ್ವ ಹೇಳಿದ್ದಳು. ಆ ಎರಡು ಮಾತಿನಲ್ಲಿ ಹಂಡೆ ಕುದಿಯಬೇಕು.

ಲೋಕಲ್ ರೈಲು ಹತ್ತಿದೆ. ಹತ್ತಿದೆ ಎನ್ನುವುದಕ್ಕಿಂತ ಹೇರಲ್ಪಟ್ಟೆ. ಉಗಾರದ ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರೇಲರಿನಲ್ಲಿ ಗಳಕ್ಕೆ ಗಳ ಒತ್ತಿ ಹಗ್ಗ ಬಿಗಿಯುತ್ತಾರಲ್ಲ, ಹಾಗೆ. ಹಗ್ಗ ಮಾತ್ರ ಇರಲಿಲ್ಲ. ಒಂದು ಸ್ಟೇಶನ್ನಿನಿಂದ ಇನ್ನೊಂದರವರೆಗೆ ನನ್ನ ಎರಡೂ ಕಾಲು ನೆಲ ಮುಟ್ಟಲಿಲ್ಲ. ನನ್ನ ಕೈಯಲ್ಲಿದೆ ಎಂದು ನಾನು ಹಿಡಿದುಕೊಂಡಿದ್ದ ಬ್ಯಾಗು ಬೇರೆಯವರದಾಗಿತ್ತು. “ಅಕ್ಕಾ, ಕೇಳಿಲ್ಲಿ, ಬ್ಯಾಗ್ ಕೊಡ್ರಿ ಅಂದ್ರ ಆ ಮನಷ್ಯಾ ನನ್ನ ಕೈನ ಬಿಚ್ಚಿ ಕೊಟ್ಟ,” ಎಂದು ಅಲ್ಲೇ ಮನಸ್ಸಿನಲ್ಲಿ ಕಥೆ ಕಟ್ಟಿ ಇಟ್ಟುಕೊಂಡೆ. ಕೊನೆಯ ಸ್ಟೇಶನ್ನಿನ ಕಟ್ಟಡ ನೋಡಿದಾಗ ಕತ್ತು ಹಿಂದಕ್ಕೆ ಬಾಗಿ ಟೊಪ್ಪಿಗೆ ಬಿತ್ತು. ಕಲ್ಲಿನ ಹುಲಿ, ಕಲ್ಲಿನ ಸಿಂಹ, ಗುಮ್ಮಟ, ಬಣ್ಣದ ಗಾಜು. ನಮ್ಮ ಉಗಾರದ ಸ್ಟೇಶನ್ನನ್ನು ಅದರ ಒಂದು ಕಿಟಕಿಯಲ್ಲಿ ಇಟ್ಟು, ಪರದೆ ಎಳೆದು ಮಲಗಿಸಬಹುದು.

ಅಲ್ಲಿಂದ ಡಬಲ್ ಡೆಕ್ಕರ್ ಬಸ್ಸು, ಮೇಲಿನ ಮೊದಲ ಸೀಟು. ಮರದ ಟೊಂಗೆ ಗಾಜಿಗೆ ಬಡಿದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ, ಗಾಜು ಇದೆ ಎಂದು ಗೊತ್ತಿದ್ದೂ. ಗೇಟ್‌ವೇ ಹತ್ತಿರ ಒಬ್ಬ ಫೋಟೊದವನು ಹಿಡಿದ. ಈಗಲೇ ತೆಗೆದು ಈಗಲೇ ಪ್ರಿಂಟು ಕೊಡುತ್ತಾನಂತೆ. ನಿಂತೆ. ಅವನು ಕ್ಯಾಮೆರಾ ಇಳಿಸಿ ಕೂಗಿದ:

“ಬೀಚ್ ಮೇಂ ಆವೋ ಭಾಯ್! ಬಾಜೂ ಮೇಂ ಕೌನ್ ಹೈ?”

ನಡುವೆ ಬಾ, ಪಕ್ಕದಲ್ಲಿ ಯಾರಿದ್ದಾರೆ ಎಂದು. ನೋಡಿದರೆ ನಾನು ಎಡಗಡೆ ಅಂಚಿಗೆ ನಿಂತಿದ್ದೆ. ಬಲಗಡೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು. ಪ್ರತಿ ವರ್ಷ ಅಪ್ಪ ಈ ಊರಿನಿಂದ ತರುತ್ತಿದ್ದ ಕ್ಯಾಲೆಂಡರಿನಲ್ಲಿ ಇದೇ ಕಮಾನು ಇರುತ್ತಿತ್ತು. ಅಟ್ಟದ ಗೋಡೆಗೆ ಅದನ್ನು ತೂಗುಹಾಕಿ ಅದರ ಮುಂದೆ ನಾವಿಬ್ಬರೂ ಪೋಸು ಕೊಡುತ್ತಿದ್ದೆವು. ಅವಳು ಬಲಕ್ಕೆ, ನಾನು ಎಡಕ್ಕೆ, ಕ್ಯಾಮೆರಾ ಇಲ್ಲದೆ. ನಡುವೆ ಬಂದು ನಿಂತೆ. ಫೋಟೊ ಬಂತು. ಅದರಲ್ಲಿ ನನ್ನ ಮುಖ ಪಾಸ್‌ಪೋರ್ಟಿಗೂ ನಡೆಯುವ ಹಾಗಿತ್ತು.

ಆಮೇಲೆ ಕಥೆ ಅಷ್ಟು ಸಲೀಸಾಗಿ ಹುಟ್ಟಲಿಲ್ಲ. ನೋಡುವುದೇನೋ ನೋಡುತ್ತಿದ್ದೆ. ನೋಡಿದ ಕೂಡಲೇ ಬಲಕ್ಕೆ ತಿರುಗುತ್ತಿದ್ದೆ. ಅಲ್ಲಿ ಪ್ರತಿ ಸಲವೂ ಯಾರೋ ಬೇರೆ ಇರುತ್ತಿದ್ದರು. ಒಮ್ಮೆ ಒಬ್ಬ ಅಜ್ಜ, ಒಮ್ಮೆ ಒಂದು ಕಸದ ಡಬ್ಬಿ.

ಐದೂವರೆಗೆ ಚೌಪಾಟಿ ತಲುಪಿದೆ. ಸಮುದ್ರವನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟು ನೀರನ್ನು ಮೊದಲು ನೋಡಿದ್ದು ಕೃಷ್ಣೆಗೆ ಮಹಾಪೂರ ಬಂದಾಗ, ಯಡೂರಿನ ಕಡೆ. ಆದರೆ ಅಲ್ಲಿ ನೀರಿನ ನಡುವೆ ಕರೆಂಟಿನ ಕಂಬ, ಕಬ್ಬಿನ ಗರಿ, ಯಾರದೋ ಹುಲ್ಲಿನ ಬಣವೆ ಕಾಣುತ್ತಿತ್ತು. ಇಲ್ಲಿ ಏನೂ ಇಲ್ಲ. ನೀರು, ಮೋಡ, ಮುಗೀತು. ಉಸುಕಿನಲ್ಲಿ ಕುಳಿತು ದಶಮಿಯ ಗಂಟು ತೊಡೆಯ ಮೇಲೆ ಇಟ್ಟುಕೊಂಡೆ. ಸೂರ್ಯ ಮುಳುಗಲು ಇನ್ನೂ ತಾಸಿತ್ತು. ತಿಂದು ಮುಗಿಸಬಹುದಿತ್ತು.

ಪಕ್ಕದ ಗಾಡಿಯಿಂದ ವಡೆ ಎಣ್ಣೆಗೆ ಬಿದ್ದ ಸದ್ದು ಬಂತು.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅಕ್ಕ, ನಾನು ಅತ್ತೆಯ ಮನೆಯಿಂದ ಬರುತ್ತ ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ನಮ್ಮ ಮನೆಗೆ ಬಟಾಟಿ ಕಾಲಿಡುವುದಿಲ್ಲ. ಭೂಮಿಯ ಒಳಗೆ ಬೆಳೆದ ಗಡ್ಡೆ ಯಾವುದೂ ಇಲ್ಲ. ಅಕ್ಕ ಅತ್ತ ಇತ್ತ ನೋಡಿ, ಒಳಗೆ ಆಲೂಗಡ್ಡೆಯ ವಡೆ ಇರುವ ಒಂದು ವಡಾಪಾವ್ ತಂದಳು. ಅರ್ಧ ಮುರಿದು ನನಗೆ ಕೊಟ್ಟಳು. ತನ್ನ ಅರ್ಧವನ್ನು ಎರಡು ಗುಕ್ಕಿಗೆ ಮುಗಿಸಿ, ನನ್ನ ಕೈಯಲ್ಲಿದ್ದುದನ್ನು ನೋಡುತ್ತ ನಿಂತಳು.

“ಏನ ನೋಡಾಕತ್ತಿ?”

“ನಿನಗ ಸೇರಲಿಲ್ಲ ಅಂತ ಕಾಣಸ್ತೈತಿ. ಕೊಡಿಲ್ಲಿ.”

“ಸೇರೈತಿ!”

“ಬಾಯಿ ಮುಚ್ಚಲೇ. ಅವ್ವಗ ಹೇಳಿದಿ ಅಂದ್ರ ನೀ ಸತ್ತಿ.” ಕಸಿದು ತಿಂದಳು. ಚಿಕ್ಕೋಡಿ ಬರುವವರೆಗೆ ಮೂಗಿನಿಂದ ನಗುತ್ತಲೇ ಇದ್ದಳು. ಇಳಿಯುವಾಗ ನನ್ನ ಕಿವಿ ಹಿಡಿದು ಹೇಳಿದಳು: “ಒಮ್ಮಿ ಮುಂಬೈಗ ಹೋಗಿ, ಸಮುದ್ರದ ದಂಡಿಗೆ ಕುಂತು ತಿನ್ನೂಣು. ಇಬ್ಬರೂ. ತಲಿಗೊಂದೊಂದು, ಹಂಚಿಕೊಳ್ಳೂದಿಲ್ಲ.” ಮುಂದಿನ ವರ್ಷ ಸಂಘ ನಮ್ಮೂರಿಗೆ ಬಂತು. ಅವಳು ದಿನಾ ಬಸದಿಗೆ ಹೋಗತೊಡಗಿದಳು. ಒಂದು ದಿನ ಮನೆಗೆ ಬಂದು ಅಪ್ಪನ ಮುಂದೆ ಕುಳಿತಳು, ಅವಳ ದನಿಯಲ್ಲಿ ತಮಾಷೆಯೇ ಇರಲಿಲ್ಲ.

ಚೌಪಾಟಿಯಲ್ಲಿ ಇದನ್ನೆಲ್ಲ ಅಂದುಕೊಳ್ಳುತ್ತ ಎಷ್ಟು ಹೊತ್ತು ಕುಳಿತಿದ್ದೆನೋ. ಮೋಡ ಇದ್ದುದರಿಂದ ಸೂರ್ಯ ಹೋದದ್ದು ಗೊತ್ತೇ ಆಗಲಿಲ್ಲ. ಸಮುದ್ರದ ಅಂಚಿನ ರಸ್ತೆಯ ದೀಪಗಳು ಒಂದರ ಹಿಂದೆ ಒಂದು ಹತ್ತಿಕೊಂಡವು, ಬಾಗಿ ಬಾಗಿ ಆ ತುದಿಯವರೆಗೆ. ಆಗ ನಾನು ಎದ್ದು ಗಾಡಿಗೆ ಹೋದೆ. ಮರೆತು ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ನೇಮ ನೆನಪಿತ್ತು. ಅವ್ವನ ದಶಮಿ ಕೈಯಲ್ಲೇ ಇತ್ತು.

“ಎರಡು,” ಎಂದೆ.

ಎರಡನ್ನೂ ತಂದು, ಒಂದನ್ನು ಬಲಗಡೆ ಕಾಗದದ ಮೇಲೆ ಇಟ್ಟೆ. ನನ್ನದನ್ನು ತಿಂದೆ. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಅದನ್ನೂ ತಿಂದೆ. ಕಣ್ಣಲ್ಲಿ ನೀರು ಬಂತು. ಮುಂಬೈಯ ಹಸಿಮೆಣಸಿನಕಾಯಿ ನಮ್ಮದಕ್ಕಿಂತ ಹತ್ತು ಪಟ್ಟು ಖಾರ ಎಂದು ಊರಿನಲ್ಲೆಲ್ಲ ಹೇಳಿದ್ದೇನೆ.

ಮರುದಿನ ಬೆಳಿಗ್ಗೆ ಬಸದಿಯ ಧರ್ಮಶಾಲೆಯಲ್ಲಿ ತಣ್ಣೀರು ಸ್ನಾನ ಮಾಡಿ, ಮಡಿ ಧೋತರ ಸುತ್ತಿಕೊಂಡು, ಹತ್ತಿರದ ಕಟ್ಟಡದಲ್ಲಿ ಆಹಾರ ಸಿದ್ಧಮಾಡುವ ಒಂದು ಮನೆಗೆ ಹೋದೆ. ಅಲ್ಲಿಯ ಅಜ್ಜಿ ನನ್ನ ಮಾತು ಕೇಳಿದ್ದೇ, “ಅಯ್ಯ, ನಮ್ಮ ಕಡೆಯಾಂವಲಾ! ನಾ ನಿಪ್ಪಾಣಿಯಾಕಿನಪಾ, ಇಲ್ಲಿಗೆ ಬಂದು ನಲವತ್ತ ವರ್ಸಾತು,” ಎಂದರು. ಮಾತಾಜಿಯ ತಮ್ಮ ಎಂದು ತಿಳಿದ ಮೇಲಂತೂ ಡಬ್ಬಿಯನ್ನು ತಾವೇ ತೆಗೆದುಕೊಂಡು, ಒಣದ್ರಾಕ್ಷಿಯನ್ನು ಬಿಸಿನೀರಲ್ಲಿ ತೊಳೆದು ಬಟ್ಟಲಿಗೆ ಹಾಕಿದರು. ಮಾತಾಜಿಯರು ಹೊರಟಾಗ ಪ್ರತಿ ಮನೆಯವರೂ ಬಾಗಿಲಲ್ಲಿ ಕಳಶ ಹಿಡಿದು ನಿಂತು ಕರೆಯುತ್ತಾರೆ. ಯಾರ ಬಾಗಿಲಲ್ಲಿ ನಿಲ್ಲುತ್ತಾರೆ ಎಂದು ಯಾರಿಗೂ ಗೊತ್ತಿರುವುದಿಲ್ಲ. “ವಂದಾಮಿ ಮಾತಾಜಿ, ತಿಷ್ಠ, ತಿಷ್ಠ,” ಎಂದು ಅಜ್ಜಿಯ ಜೊತೆ ನಾನೂ ಕೂಗಿದೆ. ನನ್ನ ದನಿ ಹೋತದ ಮರಿಯ ದನಿಯಾಗಿತ್ತು.

ಬಿಳಿ ಸೀರೆ, ಬರಿಗಾಲು, ಬಗಲಲ್ಲಿ ನವಿಲುಗರಿಯ ಪಿಂಛಿ. ಅರ್ಧ ಇಂಚು ಕೂದಲು. ಮೊದಲಿನ ಅರ್ಧದಷ್ಟು ಆಗಿದ್ದಳು. ಇಲ್ಲಿ ನಾನು ಏನನ್ನೂ ಹಿಗ್ಗಿಸಿಲ್ಲ. ನೆಲ ನೋಡುತ್ತ ಬಂದು ನಮ್ಮ ಬಾಗಿಲಲ್ಲಿ ನಿಂತಳು.

ಒಳಗೆ ಮಣೆಯ ಮೇಲೆ ಕುಳಿತು ಕೈ ತೊಳೆದು ಬೊಗಸೆ ಕೂಡಿಸಿದಳು. ಊಟದ ಹೊತ್ತಿಗೆ ಅವರು ಮಾತಾಡುವುದಿಲ್ಲ. ಒಬ್ಬೊಬ್ಬರೇ ಶುದ್ಧಿ ಹೇಳಿ ನೀಡಿದರು. ನೀರು, ಹಾಲು, ಅನ್ನ. ಅಜ್ಜಿ ಬಟ್ಟಲನ್ನು ನನ್ನ ಕೈಗೆ ಇಟ್ಟರು.

“ನಿಮ್ಮ ಮನೀದು ನೀನ ನೀಡು ತಮ್ಮಾ. ಶುದ್ಧಿ ಹೇಳು.”

“ಮನಶುದ್ಧಿ,” ಎಂದೆ.

ಮುಂದಿನ ಪದ ಬರಲಿಲ್ಲ. ಅವಳ ಬೊಗಸೆ ನನ್ನಿಂದ ಒಂದು ಗೇಣು ದೂರದಲ್ಲಿತ್ತು. ಹೆಬ್ಬೆರಳಿನ ಮೇಲೆ ದ್ರಾಕ್ಷಿ ಕತ್ತರಿಯ ಹಳೆಯ ಗಾಯದ ಗೆರೆ ಹಾಗೇ ಇತ್ತು. ಹೇಳಿಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಲವತ್ತು ಕೋಳಿಗೆ ಟಿಕೆಟ್ ಹರಿಸಿದ ಬಾಯಿ ಇದು, ಒಂದು ಪದಕ್ಕೆ ಯಾಕೆ ತಡವರಿಸಬೇಕು? ಬೊಗಸೆ ಕಾಯುತ್ತಲೇ ಇತ್ತು.

“ಅಜ್ಜಿ, ನೀವ ನೀಡ್ರಿ,” ಎಂದೆ. “ನಂದು ನೇಮ ಮುರದೈತಿ.”

ಅಜ್ಜಿ ನನ್ನ ಮುಖ ನೋಡಿದರು, ಬಟ್ಟಲು ತೆಗೆದುಕೊಂಡರು. ನಾನು ಬಾಗಿಲ ಹೊರಗೆ ಸರಿದು ನಿಂತು ನೋಡಿದೆ. ಅವಳು ಒಂದೊಂದು ಕಾಳನ್ನೂ ಹೆಬ್ಬೆರಳಿನಿಂದ ಹೊರಳಿಸಿ ಪರೀಕ್ಷಿಸಿ ತಿಂದಳು. ಅವ್ವ ಆರಿಸಿದ್ದು, ಒಂದೂ ಕೆಟ್ಟದ್ದು ಬರಲಿಲ್ಲ. ಬಟ್ಟಲು ಖಾಲಿಯಾಯಿತು.

ಮಧ್ಯಾಹ್ನ ಬಸದಿಯ ಸಭಾಂಗಣದಲ್ಲಿ ದರ್ಶನದ ಸಾಲು. ನನ್ನ ಸರದಿ ಬಂದಾಗ ಮೂರು ಮೊಳ ದೂರದಲ್ಲಿ ಕುಳಿತು, “ವಂದಾಮಿ ಮಾತಾಜಿ,” ಎಂದೆ. ಪಿಂಛಿ ಎತ್ತಿ ಹರಸಿದಳು.

“ಯಾಕ ನೀಡಲಿಲ್ಲ?”

“ನಿನ್ನಿ ದೀಪ ಹತ್ತಿದ ಮ್ಯಾಲೆ ವಡಾಪಾವ್ ತಿಂದ್ನಿ.”

“ಎಲ್ಲಿ?”

“ಚೌಪಾಟಿದಾಗ. ಸಮುದ್ರದ ದಂಡಿಗೆ.”

ಅವಳು ಪಿಂಛಿಯ ಒಂದು ಗರಿಯನ್ನು ನೆಟ್ಟಗೆ ಮಾಡಿದಳು.

“ಒಬ್ಬನ?”

“ಹೂಂ. ಒಬ್ಬನ.”

ನನ್ನ ಹಿಂದೆ ಸಾಲು ಕೆಮ್ಮಿತು.

“ಮುಂಬೈ ನೋಡಿದ್ದು ಹೇಳು,” ಎಂದಳು. “ಇದ್ದಷ್ಟ ಹೇಳು.”

ಹೇಳಿದೆ. ರೈಲಿನಲ್ಲಿ ಗದ್ದಲ ಇತ್ತು. ಸ್ಟೇಶನ್ನಿನ ಮೇಲೆ ಕಲ್ಲಿನ ಹುಲಿ ಇದೆ. ಬಸ್ಸಿನ ಮೇಲಿನ ಸೀಟಿನಿಂದ ಮರದ ಟೊಂಗೆಗಳು ಹತ್ತಿರ ಕಾಣುತ್ತವೆ. ಸಮುದ್ರ ದೊಡ್ಡದು, ಉಪ್ಪಿನ ವಾಸನೆ, ಮೋಡ ಇದ್ದುದರಿಂದ ಸೂರ್ಯ ಮುಳುಗುವುದು ಕಾಣಲಿಲ್ಲ. ಎರಡು ನಿಮಿಷಕ್ಕೆ ಇಡೀ ಮುಂಬೈ ಮುಗಿಯಿತು. ಅವಳು ನಗಲಿಲ್ಲ. ಆದರೆ ಕಣ್ಣು ಮುಚ್ಚಿ ಕೇಳಿದಳು, ಒಂದೊಂದನ್ನೂ ನೋಡಿಕೊಳ್ಳುತ್ತಿದ್ದವಳ ಹಾಗೆ.

“ದೀಪ ಹತ್ತೂದರೊಳಗ ಉಣ್ಣೂದು ರೂಢಿ ಮಾಡ್ಕೊ,” ಎಂದಳು. “ನಾವು ಆ ಕಡೆ ಬಂದಾಗ ನೀಡುವಿಯಂತ.”

“ಯಾವಾಗ ಬರ್ತೀರಿ?”

“ಅದು ನಮಗೂ ಗೊತ್ತಿರೂದಿಲ್ಲ,” ಎಂದಳು. ಹಿಂದಿನವರು ಮುಂದೆ ಬಂದರು. ಮತ್ತೆ ಪಿಂಛಿ ಎತ್ತಿದಳು, ಅವರಿಗೆ.

ದೀಪಾವಳಿ ಮುಗಿದ ಮೇಲೆ ಅವಳ ಸಂಘ ಮುಂಬೈ ಬಿಟ್ಟಿತು. ಉತ್ತರಕ್ಕೆ, ಗುಜರಾತಿನ ಕಡೆ ನಡೆದಿದ್ದಾರೆ ಎಂದು ಬಸದಿಯ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ. ನಮ್ಮಿಂದ ದಿನಾ ಎಂಟು ಹತ್ತು ಮೈಲಿ ದೂರಕ್ಕೆ. ನಾನು ಸಂಜೆ ಕ್ರಿಕೆಟ್ಟನ್ನು ಅರ್ಧಕ್ಕೆ ಬಿಟ್ಟು ಮನೆಗೆ ಬರುತ್ತೇನೆ. “ಮಹಾರಾಜರು ಉಣ್ಣಾಕ ಹೊಂಟ್ರು, ದಾರಿ ಬಿಡ್ರಲೇ,” ಎಂದು ಗೆಳೆಯರು ಕೂಗುತ್ತಾರೆ. ಕೂಗಲಿ. ನಿನ್ನೆ ರೊಟ್ಟಿ ಬಡಿಸುತ್ತ ಅವ್ವ ಕೇಳಿದಳು:

“ಎಲ್ಲಿ ತನಕ ನಡಸಾಂವ ಇದನ್ನ?”

“ಅವರು ಈ ಕಡೆ ತಿರುಗೂತನಕ,” ಎಂದೆ.

ಅವ್ವ ಇನ್ನೊಂದು ರೊಟ್ಟಿ ಹಾಕಿದಳು. ಹೊರಗೆ ಇನ್ನೂ ಬಿಸಿಲಿತ್ತು.